ಕೆಮಿಸ್ಟ್ರಿ ಪಿಎಚ್‌ಡಿಗೆ ಲ್ಯಾಬ್ ಆರಿಸೋದು: ದೊಡ್ಡ ಹೆಸರಾ, ಹೊಸ ಗೈಡಾ, ಇಬ್ಬರು ಗೈಡಾ?

ಪಿಎಚ್‌ಡಿ ಸೀಟು ಸಿಕ್ಕಿದೆ, ಎರಡು ಮೂರು ಲ್ಯಾಬಿಂದ ಬಾ ಅಂತಿದ್ದಾರೆ, ಯಾವುದಕ್ಕೆ ಹೋಗ್ಲಿ ಅಂತ ಜೂನಿಯರ್ಸ್ ಕೇಳ್ತಾನೇ ಇರ್ತಾರೆ. ಕೇಳೋ ರೀತಿನೂ ಹೆಚ್ಚೂಕಮ್ಮಿ ಒಂದೇ, ಒಂದು ಕಡೆ ಟೋಟಲ್ ಸಿಂಥೆಸಿಸ್ (ದೊಡ್ಡ ಮಾಲಿಕ್ಯೂಲನ್ನ ಮೊದಲಿಂದ ಕಟ್ಟೋದು) ಇದೆ ಇನ್ನೊಂದು ಕಡೆ ಫೋಟೋಕ್ಯಾಟಲಿಸಿಸ್ (ಬೆಳಕಿಂದ ರಿಯಾಕ್ಷನ್ ನಡೆಸೋದು) ಇದೆ, ಯಾವುದಕ್ಕೆ ಫ್ಯೂಚರ್ ಇದೆ ಹೇಳಿ ಅಂತ. ನಾನು ತಿರುಗಿಸಿ ಒಂದೇ ಪ್ರಶ್ನೆ ಕೇಳ್ತೀನಿ. ಆ ಲ್ಯಾಬಲ್ಲಿ ನಿಮ್ಮ ರಿಯಾಕ್ಷನ್ ಕೆಟ್ಟು ಹೋದ್ರೆ ಅದನ್ನ ಯಾರು ನೋಡ್ತಾರೆ, ಎಷ್ಟು ದಿನದಲ್ಲಿ ನೋಡ್ತಾರೆ? ಹೆಚ್ಚಿನವರ ಹತ್ರ ಉತ್ತರ ಇರಲ್ಲ, ಯಾಕಂದ್ರೆ ಲ್ಯಾಬ್ ವೆಬ್‌ಸೈಟಲ್ಲಿ ಜರ್ನಲ್ ಕವರ್ ಇರತ್ತೆ, ಗ್ರೂಪ್ ಫೋಟೋ ಇರತ್ತೆ, ಕೆಟ್ಟ ರಿಯಾಕ್ಷನ್ ಇರಲ್ಲ. ಆದ್ರೆ ಮುಂದಿನ ಐದು ವರ್ಷ ನೀವು ದಿನಾ ನೋಡೋದು ಅದನ್ನೇ.

ಯಾಕೆ ಇದನ್ನೇ ಹಿಡ್ಕೊಂಡಿದೀನಿ ಅಂದ್ರೆ, ನನ್ನ ಮೊದಲ ವರ್ಷದ ಒಂದು ಸಂಜೆ. ಮೂರು ವಾರ ಒದ್ದಾಡಿ ಒಂದು ಕಾಂಪೌಂಡ್ ಮಾಡಿದ್ದೆ, ಕಾಲಂ (ಮಿಶ್ರಣ ಬೇರ್ಪಡಿಸೋ ಗಾಜಿನ ಕೊಳವೆ) ಹಾಕಿ, ಟಿಎಲ್‌ಸಿ ಪ್ಲೇಟ್ ನೋಡ್ಕೊಂಡು ಬೇಕಾದ ಫ್ರ್ಯಾಕ್ಷನ್ಸ್ ಸೇರಿಸಿ, ರೋಟಾದಲ್ಲಿ ಸಾಲ್ವೆಂಟ್ ಆವಿ ಮಾಡಿ ಎಳೆದು, ಫ್ಲಾಸ್ಕಿನ ತಳದಲ್ಲಿ ಒಂಚೂರು ಎಣ್ಣೆ ಥರ ಉಳೀತು, ಅದನ್ನೇ ಎನ್‌ಎಂಆರ್‌ಗೆ (ಮಾಲಿಕ್ಯೂಲಲ್ಲಿ ಏನೇನಿದೆ ಅಂತ ಪೀಕುಗಳಲ್ಲಿ ತೋರಿಸೋ ಮೆಷಿನ್) ಕೊಟ್ಟೆ. ಸ್ಪೆಕ್ಟ್ರಮ್ ಬಂತು, 4.12ರಲ್ಲಿ ನಾಲ್ಕು ಕವಲಿನ ಪೀಕ್ (ಕ್ವಾರ್ಟೆಟ್), 2.05ರಲ್ಲಿ ಒಂಟಿ ಚೂಪಾದ ಸಿಂಗ್ಲೆಟ್, 1.26ರಲ್ಲಿ ಮೂರು ಕವಲಿನ ಟ್ರಿಪ್ಲೆಟ್. ನನ್ನ ಮಾಲಿಕ್ಯೂಲಲ್ಲೂ ಒಂದು ಎಥೈಲ್ ಎಸ್ಟರ್ ಇತ್ತಲ್ಲ, ಸಿಕ್ಕೇಬಿಡ್ತು ಅಂತ ಪ್ರಿಂಟ್ ಹಿಡ್ಕೊಂಡು ಲ್ಯಾಬ್ ತುಂಬ ಓಡಾಡ್ದೆ. ಪಕ್ಕದ ಹುಡ್‌ನ (ಹೊಗೆ ಎಳೆಯೋ ಗಾಜಿನ ಕ್ಯಾಬಿನ್) ಸೀನಿಯರ್ ಅದನ್ನ ಇಸ್ಕೊಂಡು ಎರಡು ಸೆಕೆಂಡ್ ನೋಡಿದ್ರು, ಪೆನ್ ತಗೊಂಡು ಮೂರೂ ಪೀಕಿಗೆ ರೌಂಡ್ ಹಾಕಿದ್ರು, "ಇದು ನಿನ್ನ ಕಾಂಪೌಂಡ್ ಅಲ್ಲ, ಎಥೈಲ್ ಅಸಿಟೇಟು. ಕಾಲಂಗೆ ಸುರಿದ್ಯಲ್ಲ ಅದೇ. ರಾತ್ರಿಯಿಡೀ ಪಂಪಿಗೆ ಹಾಕು, ಆಮೇಲೆ ಏನಾದ್ರೂ ಉಳಿದ್ರೆ ನೋಡೋಣ" ಅಂದ್ರು. ಬೆಳಗ್ಗೆ ನೋಡಿದ್ರೆ ಬಹುತೇಕ ಏನೂ ಉಳಿದಿರ್ಲಿಲ್ಲ. ಅವತ್ತು ಮಧ್ಯಾಹ್ನ ಅವರು ಒಂದು ಚೀಟಿ ಬರೆದು ನನ್ನ ಹುಡ್ ಗಾಜಿಗೆ ಅಂಟಿಸಿದ್ರು, ಯಾವ ಕಲ್ಮಶದ ಪೀಕ್ ಎಲ್ಲಿ ಬರತ್ತೆ ಅಂತ, ಕ್ಲೋರೋಫಾರ್ಮ್ 7.26, ನೀರು 1.56, ಗ್ರೀಸ್ 1.26 ಮತ್ತು 0.86, ಹಿಂಗೆ. ನನ್ನ ಗೈಡ್ ಆಗ ಕಾನ್ಫರೆನ್ಸಲ್ಲಿ ಇದ್ರು, ವಾಪಸ್ ಬಂದು ನನ್ನ ಡೇಟಾ ನೋಡಿದ್ದು ಹನ್ನೊಂದು ದಿನ ಆದ್ಮೇಲೆ. ಆ ಸೀನಿಯರ್ ಇಲ್ದೇ ಹೋಗಿದ್ರೆ ಹನ್ನೊಂದು ದಿನ ನಾನು ಎಥೈಲ್ ಅಸಿಟೇಟ್ ಮೇಲೆ ಮುಂದಿನ ಸ್ಟೆಪ್ ಮಾಡ್ತಾ ಕೂತಿರ್ತಿದ್ದೆ.

ಹಾಗಾಗಿ ಕೆಳಗಿನ ಹೋಲಿಕೆ ಎಲ್ಲ ಆ ಒಂದು ಪ್ರಶ್ನೆ ಇಟ್ಕೊಂಡೇ. ಟಾಪಿಕ್ ಬಗ್ಗೆ ಕಮ್ಮಿ ಬರೀತೀನಿ, ಬೇಜಾರ್ ಮಾಡ್ಕೋಬೇಡಿ.

ದೊಡ್ಡ ಹೆಸರಿನ ಲ್ಯಾಬ್ ಮತ್ತು ಹೊಸ ಗೈಡ್ ಲ್ಯಾಬ್

ದೊಡ್ಡ ಲ್ಯಾಬ್ ಅಂದ್ರೆ ಇಪ್ಪತ್ತೈದು ಮೂವತ್ತು ಜನ, ಹತ್ತು ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ರಿಸರ್ಚ್ ಮಾಡ್ತಿರೋರು), ಕಾಂಪೌಂಡ್ ಬೇರ್ಪಡಿಸೋಕೆ ಸ್ವಂತ ಎಚ್‌ಪಿಎಲ್‌ಸಿ ಮೆಷಿನ್, ಗಾಳಿ ತಾಗದ ಹಾಗೆ ಕೆಲಸ ಮಾಡೋಕೆ ಸ್ವಂತ ಗ್ಲೋವ್‌ಬಾಕ್ಸ್, ಕೆಮಿಕಲ್ ಬೇಕು ಅಂದ್ರೆ ನಾಳೆಗೆ ಬರತ್ತೆ. ಗೈಡ್ ಹೆಸರು ಹೇಳಿದ್ರೆ ಸಾಕು ನಿಮ್ಮ ಅಪ್ಲಿಕೇಶನ್ನನ್ನ ಜನ ಪೂರ್ತಿ ಓದ್ತಾರೆ, ಇದು ಸಣ್ಣ ವಿಷಯ ಅಲ್ಲ, ಸುಳ್ಳು ಹೇಳಲ್ಲ. ಕೆಮಿಸ್ಟ್ರಿಲಿ ವಂಶಾವಳಿ ಅನ್ನೋದು ನಿಜವಾಗ್ಲೂ ಇದೆ. ಅಡಾಲ್ಫ್ ಫಾನ್ ಬೇಯರ್ ಸ್ಟೂಡೆಂಟ್ ಎಮಿಲ್ ಫಿಶರ್, ಫಿಶರ್ ಸ್ಟೂಡೆಂಟ್ ಓಟ್ಟೋ ವಾರ್ಬರ್ಗ್, ವಾರ್ಬರ್ಗ್ ಲ್ಯಾಬಲ್ಲಿ ಕೆಲಸ ಕಲಿತವರು ಹಾನ್ಸ್ ಕ್ರೆಬ್ಸ್, ನಾಲ್ಕೂ ಜನಕ್ಕೆ ನೊಬೆಲ್. ಮಜಾ ಏನಂದ್ರೆ ಶಿಷ್ಯ ಫಿಶರ್‌ಗೆ 1902ರಲ್ಲೇ ಬಂತು, ಗುರು ಬೇಯರ್‌ಗೆ 1905ರಲ್ಲಿ. ಇದನ್ನ ತೋರಿಸಿ ನೋಡು ದೊಡ್ಡವರ ಹತ್ರಾನೇ ಹೋಗ್ಬೇಕು ಅಂತಾರೆ. ಸರಿ, ಆದ್ರೆ ಅದೇ ಲ್ಯಾಬುಗಳಲ್ಲಿ ಕೂತು ಏನೂ ಆಗದೇ ಹೋದವರ ಲಿಸ್ಟ್ ಯಾರೂ ಬರೆದಿಟ್ಟಿಲ್ಲ ನೋಡಿ.

ದೊಡ್ಡ ಲ್ಯಾಬಲ್ಲಿ ಗೈಡ್ ನಿಮಗೆ ಸಿಗೋದು ಗ್ರೂಪ್ ಮೀಟಿಂಗಲ್ಲಿ, ಅದೂ ನಿಮ್ಮ ಸರದಿ ಬಂದಾಗ. ಮೂವತ್ತು ಜನ ಇದ್ದು ವಾರಕ್ಕೆ ಇಬ್ಬರು ಪ್ರೆಸೆಂಟ್ ಮಾಡಿದ್ರೆ ನಿಮ್ಮ ಸರದಿ ಹದಿನೈದು ವಾರಕ್ಕೊಂದ್ಸಲ, ವರ್ಷಕ್ಕೆ ಮೂರು ಮೂರೂವರೆ ಸಲ ಅಷ್ಟೇ, ಲೆಕ್ಕ ನೀವೇ ಹಾಕಿ. ಮಿಕ್ಕ ದಿನ ನಿಮ್ಮನ್ನ ನೋಡ್ಕೊಳ್ಳೋದು ಪೋಸ್ಟ್‌ಡಾಕ್. ಅಂದ್ರೆ ದೊಡ್ಡ ಲ್ಯಾಬಲ್ಲಿ ನೀವು ಆರಿಸ್ಬೇಕಾದ್ದು ಗೈಡನ್ನಲ್ಲ, ಪೋಸ್ಟ್‌ಡಾಕ್‌ನ. ಆ ಪೋಸ್ಟ್‌ಡಾಕ್ ಒಂದೂವರೆ ಎರಡು ವರ್ಷದಲ್ಲಿ ಕೆಲಸ ಸಿಕ್ಕಿ ಹೊರಟುಹೋಗ್ತಾರೆ, ಅಲ್ಲಿಗೆ ನಿಮ್ಮ ಪ್ರಾಜೆಕ್ಟ್ ಅರ್ಧ ಅನಾಥ. ಇದನ್ನ ಸೇರೋಕೆ ಮುಂಚೆನೇ ಕೇಳಿ, ನಾನು ಯಾರ ಜೊತೆ ಕೆಲಸ ಮಾಡ್ತೀನಿ, ಅವರು ಎಲ್ಲಿವರೆಗೂ ಇರ್ತಾರೆ ಅಂತ.

ಕ್ರೆಡಿಟ್ ವಿಷಯಾನೂ ಇದೆ. ವಿಟಮಿನ್ ಬಿ12 ಸಿಂಥೆಸಿಸ್ ಅಂದ್ರೆ ಎಲ್ಲರ ಬಾಯಲ್ಲೂ ಅದರ ಇಬ್ಬರು ಗೈಡುಗಳು, ವುಡ್‌ವರ್ಡ್ ಮತ್ತು ಎಶನ್‌ಮೋಸರ್. ಹನ್ನೊಂದು ಹನ್ನೆರಡು ವರ್ಷ, ಎರಡು ಖಂಡ, ಹತ್ತಿರ ಹತ್ತಿರ ನೂರು ಜನ ಪೋಸ್ಟ್‌ಡಾಕ್ ಮತ್ತು ಸ್ಟೂಡೆಂಟ್ಸ್ ಕೈ ಸೇರಿದೆ ಅದರಲ್ಲಿ. ಆ ನೂರರಲ್ಲಿ ಐದು ಹೆಸರು ಹೇಳಿ ಅಂದ್ರೆ ನಮ್ಮಂಥ ಅದೇ ಫೀಲ್ಡಿನವರೇ ತಲೆ ಕೆರ್ಕೋತೀವಿ.

ಹೊಸ ಗೈಡ್ ಕಥೆ ಬೇರೆ. ಲ್ಯಾಬಲ್ಲಿ ಮೂರು ಜನ, ಗೈಡ್ ಇನ್ನೂ ತಾವೇ ಕಾಲಂ ಹಾಕ್ತಿರ್ತಾರೆ, ನಿಮ್ಮ ಫ್ಲಾಸ್ಕ್ ಕಂದು ಬಣ್ಣ ಆದ್ರೆ ಅರ್ಧ ಗಂಟೆಲಿ ಗೊತ್ತಾಗತ್ತೆ ಅವರಿಗೆ. ಗ್ರಿನ್ಯಾರ್ಡ್ (ಮೆಗ್ನೀಷಿಯಂ ಹಾಕಿ ಮಾಡೋ ಒಂದು ರಿಯಾಕ್ಷನ್) ಶುರುವೇ ಆಗ್ತಿಲ್ಲ ಅಂದ್ರೆ ಬಂದು ಮೆಗ್ನೀಷಿಯಂ ಒಣಗಿಸು, ಒಂದು ಹರಳು ಅಯೋಡಿನ್ ಹಾಕು, ಕಂದು ಬಣ್ಣ ಹೋಗೋವರೆಗೂ ಕೈ ಕಟ್ಕೊಂಡು ನೋಡ್ತಿರು ಅಂತ ಪಕ್ಕದಲ್ಲೇ ನಿಂತು ತೋರಿಸ್ತಾರೆ, ಇದು ಪೇಪರ್ ಓದಿ ಬರೋ ವಿದ್ಯೆ ಅಲ್ಲ. ಹೊಸಬರು ಅಂತ ತಾತ್ಸಾರ ಮಾಡೋರಿಗೆ ನಾನು ಜರ್ಮನ್ ಕೆಮಿಸ್ಟ್ ಲೀಬಿಗ್ ಕಥೆ ಹೇಳೋದು. 1824ರಲ್ಲಿ ಗೀಸೆನ್‌ಗೆ ಪ್ರೊಫೆಸರ್ ಆಗಿ ಹೋದಾಗ ಆತನಿಗೆ ಬರೀ 21 ವರ್ಷ, ಊರಾಗ್ಲಿ ಯೂನಿವರ್ಸಿಟಿಯಾಗ್ಲಿ ಅಷ್ಟೇನೂ ದೊಡ್ಡದಲ್ಲ. ಅಲ್ಲೇ ಸ್ಟೂಡೆಂಟ್ಸನ್ನ ಲ್ಯಾಬಲ್ಲಿ ನಿಲ್ಲಿಸಿ ಕೈಯಾರೆ ಮಾಡಿಸಿ ಕಲಿಸೋ ಪದ್ಧತಿ ಬೆಳೆದಿದ್ದು, ಇವತ್ತು ನಾವು ರಿಸರ್ಚ್ ಗ್ರೂಪ್ ಅಂತ ಕರೆಯೋದರ ಬೇರು ಅಲ್ಲಿದೆ. ಮುಂದೆ ದೊಡ್ಡ ಕೆಮಿಸ್ಟ್ ಆದ ಕೆಕುಲೆ ಗೀಸೆನ್‌ಗೆ ಬಂದಿದ್ದು ಆರ್ಕಿಟೆಕ್ಚರ್ ಓದೋಕೆ, ಲೀಬಿಗ್ ಕ್ಲಾಸ್ ಕೇಳಿ ಕೆಮಿಸ್ಟ್ರಿಗೆ ಹಾರಿದ.

ಆದ್ರೂ ಹೊಸ ಗೈಡ್ ಹತ್ರ ರಿಸ್ಕ್ ಇದೆ, ಕಣ್ಮುಚ್ಕೊಂಡು ಹೋಗ್ಬೇಡಿ. ಮೊದಲ ಆರು ತಿಂಗಳು ನೀವು ಕೆಮಿಸ್ಟ್ರಿ ಮಾಡಲ್ಲ, ಬಾಕ್ಸ್ ಒಡೀತೀರಿ, ಶ್ಲೆಂಕ್ ಲೈನ್ (ಗಾಳಿ ತಾಗದ ಹಾಗೆ ರಿಯಾಕ್ಷನ್ ಮಾಡೋ ಗಾಜಿನ ಪೈಪು) ಕಟ್ತೀರಿ, ಪಂಪಿನ ಆಯಿಲ್ ಬದಲಾಯಿಸ್ತೀರಿ. ಪಕ್ಕದ ಹುಡ್‌ನ ಸೀನಿಯರ್ ಅನ್ನೋರು ಇರಲ್ಲ, ಆ ಸೀನಿಯರ್ ಮುಂದೆ ನೀವೇ ಆಗ್ಬೇಕು. ಟೆನ್ಯೂರ್ (ಕೆಲವು ವರ್ಷ ನೋಡಿ ಕೆಲಸ ಕಾಯಂ ಮಾಡೋ) ಪದ್ಧತಿ ಇರೋ ಕಡೆ ಗೈಡಿನ ಕೆಲಸ ಉಳಿಯತ್ತಾ ಇಲ್ವಾ ಅನ್ನೋ ತೀರ್ಮಾನ ಸುಮಾರು ಐದಾರು ವರ್ಷಕ್ಕೆ ಬರತ್ತೆ, ನಿಮ್ಮ ಥೀಸಿಸ್ ಬರೆಯೋ ಟೈಮೂ ಅದೇ, ಹಾಗಾಗಿ ಅವರ ಟೆನ್ಷನ್ನೆಲ್ಲ ನಿಮ್ಮ ತಲೆ ಮೇಲೆ. ಕೆಲವರು ಬೆಳಗ್ಗೆ ಏಳಕ್ಕೆ ಮೆಸೇಜ್, ರಾತ್ರಿ ಹನ್ನೊಂದಕ್ಕೆ ಮೆಸೇಜ್, ರಿಸಲ್ಟ್ ಏನಾಯ್ತು ಏನಾಯ್ತು.

ನನ್ನ ಕೇಳಿದ್ರೆ? ಲ್ಯಾಬ್ ಶುರುವಾಗಿ ಎರಡು ಮೂರು ವರ್ಷ ಆಗಿರೋ ಗೈಡು, ಮೊದಲ ಒಂದೆರಡು ಪೇಪರ್ ಬಂದಿರ್ಬೇಕು, ನಿಮಗಿಂತ ಮುಂಚೆ ಇಬ್ಬರು ಸ್ಟೂಡೆಂಟ್ಸ್ ಇರ್ಬೇಕು. ಅಂಥದ್ದು ಸಿಕ್ಕಿದ್ರೆ ನಾನು ದೊಡ್ಡ ಹೆಸರನ್ನ ಬಿಟ್ಟು ಅಲ್ಲಿಗೆ ಹೋಗ್ತೀನಿ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ದೊಡ್ಡ ಹೆಸರಿನ ವಿಷಯದಲ್ಲಿ ಅದು ಹತ್ತಕ್ಕೆ ಆರೇಳು ಸಲ ನಿಜ ಅನ್ನೋದು ನನ್ನ ಅಂದಾಜು. ನಿಮಗೆ ಆಗ್ಲೇ ಲ್ಯಾಬ್ ಕೈ ಪಳಗಿದ್ರೆ, ಒಂದೆರಡು ವರ್ಷ ಇಂಡಸ್ಟ್ರಿಲಿ ಕೆಲಸ ಮಾಡಿ ಬಂದಿದ್ರೆ, ಆಗ ದೊಡ್ಡ ಲ್ಯಾಬೇ ಲಾಭ, ನಿಮಗೆ ಬೇಕಿರೋದು ಇನ್‌ಸ್ಟ್ರುಮೆಂಟು ಮತ್ತು ಹೆಸರು, ಕೈ ಹಿಡಿದು ತಿದ್ದೋರಲ್ಲ.

ಬೆನ್ನು ಹತ್ತಿ ನೋಡೋ ಗೈಡ್, ಬಿಟ್ಟುಬಿಡೋ ಗೈಡ್

ಇದರಲ್ಲಿ ಒಳ್ಳೇದು ಯಾವುದು ಅನ್ನೋದು ನೀವು ಯಾವ ವರ್ಷದಲ್ಲಿ ಇದೀರಿ ಅನ್ನೋದರ ಮೇಲೆ ಹೋಗತ್ತೆ. ಮೊದಲ ವರ್ಷ ದಿನಾ ಬಂದು ಕೇಳೋ ಗೈಡ್ ವರ. ನಾಲ್ಕನೇ ವರ್ಷದಲ್ಲೂ ಯಾವ ಸಾಲ್ವೆಂಟ್ ಹಾಕ್ದೆ ಅಂತ ಕೇಳ್ತಿದ್ರೆ ಉಸಿರುಗಟ್ಟತ್ತೆ. ಬಿಟ್ಟುಬಿಡೋ ಗೈಡ್ ಇದಕ್ಕೆ ಉಲ್ಟಾ, ಮೊದಲ ವರ್ಷ ದಿಕ್ಕು ತೋಚಲ್ಲ, ಕೊನೇ ವರ್ಷ ಸ್ವರ್ಗ. ಹಾಗಾಗಿ ಗೈಡ್ ಹೇಗೆ ಅಂತ ಒಬ್ಬರನ್ನ ಕೇಳ್ಬೇಡಿ, ಒಬ್ಬ ಮೊದಲ ವರ್ಷದವರನ್ನ ಕೇಳಿ, ಒಬ್ಬ ಕೊನೇ ವರ್ಷದವರನ್ನ ಕೇಳಿ, ಇಬ್ಬರ ಉತ್ತರ ಬೇರೆ ಬೇರೆ ಬಂದ್ರೆ ಅದೇ ಒಳ್ಳೇ ಲಕ್ಷಣ, ಸ್ಟೂಡೆಂಟ್ ಬೆಳೆದ ಹಾಗೆ ಗೈಡ್ ಹಗ್ಗ ಸಡಿಲ ಬಿಡ್ತಾರೆ ಅಂತ ಅರ್ಥ.

ಸಡಿಲ ಬಿಡೋಕೆ ಆಗದವರೂ ಇದ್ದಾರೆ. ಇಂಗ್ಲೆಂಡಿನ ಕೆಮಿಸ್ಟ್ ಡೇವಿ ಮತ್ತು ಆತನ ಶಿಷ್ಯ ಫ್ಯಾರಡೆ ಕಥೆ ಅರ್ಧ ಮಾತ್ರ ಹೇಳ್ತಾರೆ ನಮಗೆ, ಬುಕ್‌ಬೈಂಡಿಂಗ್ ಕೆಲಸದ ಹುಡುಗ ಫ್ಯಾರಡೆ ಡೇವಿಯ ಲೆಕ್ಚರ್ ನೋಟ್ಸ್ ಬರೆದು ಬೈಂಡ್ ಮಾಡಿ ಕಳಿಸಿದ, 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಲ್ಲಿ ಅಸಿಸ್ಟೆಂಟ್ ಕೆಲಸ ಸಿಕ್ತು ಅಂತ. ಇನ್ನರ್ಧ, 1824ರಲ್ಲಿ ಫ್ಯಾರಡೆಯನ್ನ ರಾಯಲ್ ಸೊಸೈಟಿಗೆ ಆರಿಸೋ ಟೈಮಲ್ಲಿ ಅದನ್ನ ವಿರೋಧ ಮಾಡಿದ್ದೂ ಡೇವಿನೇ, ಆಗ ಅದರ ಪ್ರೆಸಿಡೆಂಟ್ ಆತ. ಕೈ ಹಿಡಿದು ತಂದವರೇ ಬಾಗಿಲಿಗೆ ಅಡ್ಡ ನಿಂತ್ರು. ಹಳೇ ಸ್ಟೂಡೆಂಟ್ಸ್ ಈಗ ಸ್ವಂತ ಲ್ಯಾಬ್ ಇಟ್ಟಿದ್ರೆ ಗೈಡ್ ಜೊತೆ ಮಾತಾಡ್ತಿದಾರಾ, ಅದೇ ಟಾಪಿಕ್ ಮೇಲೆ ಕೆಲಸ ಮಾಡೋಕೆ ಬಿಟ್ಟಿದಾರಾ ಅಂತ ವಿಚಾರಿಸಿದ್ರೆ ಇದು ಗೊತ್ತಾಗತ್ತೆ.

ರೊಟೇಶನ್ನಾ, ನೇರವಾಗಿ ಸೇರೋದಾ

ಇದು ಹೆಚ್ಚಾಗಿ ನಿಮ್ಮ ಕೈಯಲ್ಲಿ ಇರಲ್ಲ, ಪ್ರೋಗ್ರಾಂ ಮೇಲೆ ಹೋಗತ್ತೆ. ಅಮೆರಿಕದ ಸುಮಾರು ಪ್ರೋಗ್ರಾಂಗಳಲ್ಲಿ ಮೊದಲು ಡಿಪಾರ್ಟ್‌ಮೆಂಟಿಗೆ ಸೇರಿ, ಕೋರ್ಸ್‌ವರ್ಕ್ ಮಾಡ್ತಾ, ಒಂದಷ್ಟು ಲ್ಯಾಬ್ ಸುತ್ತಿ (ಇದೇ ರೊಟೇಶನ್) ಅಥವಾ ಪ್ರೊಫೆಸರ್‌ಗಳ ಜೊತೆ ಮಾತಾಡಿ ಗೈಡ್ ಆರಿಸ್ತಾರೆ, ಮುಗಿಸೋಕೆ ಐದಾರು ವರ್ಷ. ಬ್ರಿಟನ್ ಮತ್ತು ಯೂರೋಪಿನ ಎಷ್ಟೋ ಕಡೆ ಗೈಡ್ ಮತ್ತು ಪ್ರಾಜೆಕ್ಟ್ ಮೊದಲೇ ಫಿಕ್ಸ್, ಮೂರು ನಾಲ್ಕು ವರ್ಷ. ರೊಟೇಶನ್ ಸಿಕ್ಕಿದ್ರೆ ಬಿಡ್ಬೇಡಿ. ಅಲ್ಲಿ ರಿಸಲ್ಟ್ ತೆಗೀತೀನಿ ಅಂತ ಹೋಗ್ಬೇಡಿ, ಶುಕ್ರವಾರ ಸಂಜೆ ಲ್ಯಾಬಲ್ಲಿ ಜನ ಒಬ್ಬರ ಹತ್ರ ಒಬ್ಬರು ಹೇಗೆ ಮಾತಾಡ್ತಾರೆ, ಗ್ರೂಪ್ ಮೀಟಿಂಗಲ್ಲಿ ಕೆಟ್ಟ ಡೇಟಾ ತೋರಿಸಿದವರಿಗೆ ಏನಾಗತ್ತೆ ಅದನ್ನ ನೋಡಿ. ನೇರವಾಗಿ ಸೇರೋದಾದ್ರೆ ಒಂದು ವಾರ ಬಂದು ಇರ್ಲಾ ಅಂತ ಕೇಳಿ ನೋಡಿ, ಬೇಡ ಅಂದ್ರೆ ಆನ್‌ಲೈನಲ್ಲಿ ಒಂದು ಗ್ರೂಪ್ ಮೀಟಿಂಗ್ ಕೂತ್ಕೊಳ್ಳೋಕೆ ಬಿಡಿ ಅಂತ ಕೇಳಿ. ಅದಕ್ಕೂ ಆಗಲ್ಲ ಅಂದ್ರೆ ಅದೂ ಒಂದು ಉತ್ತರಾನೇ.

ಇಬ್ಬರು ಗೈಡ್

ಕೇಳೋಕೆ ಚೆನ್ನಾಗಿದೆ, ಒಬ್ಬರು ಸಿಂಥೆಸಿಸ್, ಇನ್ನೊಬ್ಬರು ಬಯಾಲಜಿ, ಎರಡೂ ಕಲೀಬಹುದು. ನಡೆಯೋದೂ ಉಂಟು. ಆದ್ರೆ ನಾನು ನೋಡಿರೋ ಹೆಚ್ಚಿನ ಕೇಸಲ್ಲಿ ಎತ್ತು ಏರಿಗೆ ಕೋಣ ನೀರಿಗೆ. ಒಬ್ಬರಿಗೆ ಇನ್ನೂ ಹತ್ತು ಅನಲಾಗ್ (ಅದೇ ಥರದ ಸ್ವಲ್ಪ ಬೇರೆ ಮಾಲಿಕ್ಯೂಲ್) ಬೇಕು, ಇನ್ನೊಬ್ಬರಿಗೆ ಇರೋ ಎರಡರ ಮೇಲೇ ಸೆಲ್ ಡೇಟಾ ಬೇಕು, ಮಧ್ಯ ನೀವು ಎರಡು ಬಿಲ್ಡಿಂಗ್ ನಡುವೆ ಐಸ್ ಬಾಕ್ಸ್ ಹಿಡ್ಕೊಂಡು ಓಡಾಡೋದು. ಸೇರ್ಲೇಬೇಕು ಅಂದ್ರೆ ಥೀಸಿಸ್‌ಗೆ ಕೊನೇ ಮಾತು ಯಾರದ್ದು, ಸ್ಟೈಪೆಂಡ್ ಯಾರ ಗ್ರ್ಯಾಂಟಿಂದ, ಇವೆರಡನ್ನ ಮೇಲ್‌ನಲ್ಲಿ ಬರೆಸ್ಕೊಳ್ಳಿ, ಬಾಯಿಮಾತಲ್ಲಿ ಬೇಡ.

ಟಾಪಿಕ್ ಬದಲಾದ್ರೆ ಮೆಂಟರಿಂಗೂ ಬದಲಾಗತ್ತೆ

ಸಿಂಥೆಸಿಸ್‌ಗೆ ಹುಡ್ ಪಕ್ಕ ಒಬ್ಬರು ಬೇಕು ಅಂತ ಆಗ್ಲೇ ಹೇಳ್ದೆ. ಕಂಪ್ಯುಟೇಶನಲ್ ಆದ್ರೆ ಯಾರೂ ಬೇಕಿಲ್ಲ, ಕಂಪ್ಯೂಟರ್ ಇದ್ರೆ ಸಾಕು ಅನ್ಕೋತಾರೆ, ಅದು ದೊಡ್ಡ ತಪ್ಪು. ಅಲ್ಲಿ ತಪ್ಪು ಕಣ್ಣಿಗೆ ಕಾಣಲ್ಲ, ಪ್ರೋಗ್ರಾಂ ನಾರ್ಮಲ್ ಆಗಿ ಮುಗೀತು ಅಂತಾನೇ ತೋರಿಸತ್ತೆ. ಟ್ರಾನ್ಸಿಷನ್ ಸ್ಟೇಟ್ (ರಿಯಾಕ್ಷನ್ ದಾರಿಯಲ್ಲಿ ಎನರ್ಜಿ ಅತಿ ಹೆಚ್ಚಿರೋ ಘಟ್ಟ) ಅಂದ್ರೆ ಸರಿಯಾಗಿ ಒಂದೇ ಒಂದು ಇಮ್ಯಾಜಿನರಿ ಫ್ರೀಕ್ವೆನ್ಸಿ (ಆ ಘಟ್ಟದಿಂದ ಕೆಳಗಿಳಿಯೋ ದಿಕ್ಕಿನ ಅಲುಗಾಟ) ಇರ್ಬೇಕು, ನಮ್ಮ ಫ್ರೆಂಡ್ ಒಬ್ಬನಿಗೆ ಒಂದೇ ಇತ್ತು, ಎರಡು ತಿಂಗಳು ಅದರ ಮೇಲೇ ಎನರ್ಜಿ ಪ್ರೊಫೈಲ್ ಕಟ್ಟಿದ. ಆಮೇಲೆ ಯಾರೋ ಆ ಫ್ರೀಕ್ವೆನ್ಸಿನ ಸ್ಕ್ರೀನ್ ಮೇಲೆ ಅನಿಮೇಟ್ ಮಾಡಿ ನೋಡಿದ್ರೆ ಅಲ್ಲಾಡ್ತಿರೋದು ಒಡೀಬೇಕಾದ ಬಾಂಡ್ ಅಲ್ಲ, ಮೂಲೆಲಿರೋ ಒಂದು ಮೀಥೈಲ್ ಗ್ರೂಪು ಸುಮ್ಮನೆ ತಿರುಗ್ತಿದೆ. ಅನಿಮೇಟ್ ಮಾಡಿ ನೋಡು ಅಂತ ಮೊದಲ ವಾರವೇ ಹೇಳೋರು ಒಬ್ಬರು ಇದ್ದಿದ್ರೆ ಎರಡು ನಿಮಿಷದ ಕೆಲಸ. ಲೇಸರ್, ವ್ಯಾಕ್ಯೂಮ್ ಚೇಂಬರ್ ಇರೋ ಫಿಸಿಕಲ್ ಕೆಮಿಸ್ಟ್ರಿ ಲ್ಯಾಬಲ್ಲಿ ಆ ಮೆಷಿನ್ ಕಟ್ಟಿದ ಸ್ಟೂಡೆಂಟ್ ಇನ್ನೂ ಇದಾರಾ ಹೊರಟುಹೋದ್ರಾ ಅಂತ ಕೇಳಿ, ಹೋಗಿದ್ರೆ ಲೀಕ್ ಹುಡುಕೋದರಲ್ಲೇ ಒಂದು ವರ್ಷ ಹೋಗತ್ತೆ.

ಸೇಫ್ಟಿ ನೋಡಿ ಲ್ಯಾಬ್ ಅಳೀಬಹುದು

ಇದನ್ನ ಯಾರೂ ಹೋಲಿಕೆಲಿ ಸೇರಿಸಲ್ಲ, ನಾನು ಸೇರಿಸ್ತೀನಿ. 2008ರ ಡಿಸೆಂಬರಲ್ಲಿ ಲಾಸ್ ಏಂಜಲೀಸಿನ ಒಂದು ಯೂನಿವರ್ಸಿಟಿ ಲ್ಯಾಬಲ್ಲಿ 23 ವರ್ಷದ ರಿಸರ್ಚ್ ಅಸಿಸ್ಟೆಂಟ್ ಒಬ್ಬರು ಟರ್ಷಿಯರಿ ಬ್ಯುಟೈಲ್ ಲಿಥಿಯಂ ಎಳೀತಿದ್ದಾಗ ಸಿರಿಂಜಿನ ಪ್ಲಂಜರ್ ಹೊರಗೆ ಬಂತು, ಅದು ಗಾಳಿ ತಾಗಿದ್ರೆ ತಾನೇ ಹತ್ಕೊಳ್ಳೋ ಪದಾರ್ಥ, ಅವರು ಲ್ಯಾಬ್ ಕೋಟ್ ಹಾಕಿರ್ಲಿಲ್ಲ. ಮುಂದಿನ ತಿಂಗಳು ತೀರ್ಕೊಂಡ್ರು. ಲ್ಯಾಬ್ ನೋಡೋಕೆ ಹೋದಾಗ ಕೇಳಿ, ಬ್ಯುಟೈಲ್ ಲಿಥಿಯಂ ಎಳೆಯೋದನ್ನ ನಿಮಗೆ ಯಾರು ಕಲಿಸಿದ್ರು ಅಂತ. "ಸೀನಿಯರ್ ಮೂರು ಸಲ ಮಾಡಿ ತೋರಿಸಿದ್ರು, ಆಮೇಲೆ ನಾನು ಮೂರು ಸಲ ಅವರ ಎದುರಿಗೆ ಮಾಡಿದೆ" ಅಂದ್ರೆ ಆ ಲ್ಯಾಬಲ್ಲಿ ಮಿಕ್ಕಿದ್ದೂ ಕಲಿಸ್ತಾರೆ. "ವಿಡಿಯೋ ನೋಡಿ ಕಲ್ತೆ" ಅಂದ್ರೆ ಥ್ಯಾಂಕ್ಸ್ ಹೇಳಿ ಮುಂದಿನ ಲ್ಯಾಬಿಗೆ ನಡೀರಿ.

ಯಾರನ್ನ ಏನು ಕೇಳ್ಬೇಕು

ಗೈಡ್ ಹೇಗೆ ಅಂತ ಕೇಳಿದ್ರೆ "ಒಳ್ಳೆಯವರು, ಸಪೋರ್ಟಿವ್" ಅಂತಾರೆ, ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ. ಕಳೆದ ವಾರದ ಬಗ್ಗೆ ಕೇಳಿ. ಕಳೆದ ವಾರ ಗೈಡ್ ಜೊತೆ ಎಷ್ಟು ಹೊತ್ತು ಮಾತಾಡಿದ್ರಿ? ನಿಮ್ಮ ಕೊನೇ ಡ್ರಾಫ್ಟ್ ಕೊಟ್ಟು ಎಷ್ಟು ದಿನಕ್ಕೆ ವಾಪಸ್ ಬಂತು, ಕೆಂಪು ಗೆರೆ ಇತ್ತಾ ಇಲ್ಲ ಬರೀ ಓಕೆ ಅಂತ ಬಂತಾ? ಕೊನೆಯದಾಗಿ ಲ್ಯಾಬ್ ಬಿಟ್ಟವರು ಯಾಕೆ ಬಿಟ್ರು? ಕೊನೇ ಪ್ರಶ್ನೆಗೆ ಎರಡು ಸೆಕೆಂಡ್ ಸುಮ್ಮನಾದ್ರೆ ಆ ಮೌನಾನೇ ಉತ್ತರ. ಮೇಲ್‌ನಲ್ಲಿ ಕೇಳ್ಬೇಡಿ, ಬರವಣಿಗೇಲಿ ಯಾರೂ ನಿಜ ಹೇಳಲ್ಲ, ಫೋನ್ ಮಾಡಿ. ಮಧ್ಯದಲ್ಲೇ ಬಿಟ್ಟು ಹೋದವರು ಒಬ್ಬರಾದ್ರೂ ಸಿಕ್ಕಿದ್ರೆ ಅವರ ಜೊತೆ ಅರ್ಧ ಗಂಟೆ ಮಾತಾಡಿ, ಅವರು ಹೇಳಿದ್ದೆಲ್ಲ ನಂಬ್ಬೇಕು ಅಂತಿಲ್ಲ, ಒಬ್ಬರು ಬಿಟ್ರೆ ಏನೋ ಆಗಿರತ್ತೆ, ಮೂರು ಜನ ಒಂದೇ ಕಾರಣಕ್ಕೆ ಬಿಟ್ಟಿದ್ರೆ ಯೋಚನೆ ಮಾಡಿ.

ಸರಿ, ಇಷ್ಟೆಲ್ಲ ಮಾಡಿನೂ ತಪ್ಪು ಲ್ಯಾಬಿಗೆ ಬಿದ್ರೆ? ಮೊದಲ ವರ್ಷದೊಳಗೆ ಬದಲಾಯಿಸೋದು ಜನ ಹೇಳೋಷ್ಟು ದೊಡ್ಡ ಅವಮಾನ ಏನಲ್ಲ, ಮೂರನೇ ವರ್ಷದಲ್ಲಿ ಬದಲಾಯಿಸೋದು ನಿಜಕ್ಕೂ ಕಷ್ಟ. ಬದಲಾಯಿಸೋಕೆ ಆಗ್ಲೇ ಇಲ್ಲ ಅಂದ್ರೆ ಹೊರಗಡೆ ಒಬ್ಬರನ್ನ ಹುಡುಕಿ. 1884ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಅರ್ಹೇನಿಯಸ್ ಅನ್ನೋ ಸ್ಟೂಡೆಂಟ್ ದ್ರಾವಣದಲ್ಲಿರೋ ಅಯಾನುಗಳ ಬಗ್ಗೆ ಥೀಸಿಸ್ ಕೊಟ್ಟಾಗ ಅಲ್ಲಿನ ಪ್ರೊಫೆಸರ್‌ಗಳು ಕೊಟ್ಟಿದ್ದು ಕಳಪೆ ಗ್ರೇಡು. ಆತ ಥೀಸಿಸ್ ಕಾಪಿಗಳನ್ನ ಹೊರಗಿನ ಕೆಮಿಸ್ಟ್‌ಗಳಿಗೆ ಕಳಿಸಿದ, ರೀಗಾದಲ್ಲಿದ್ದ ಓಸ್ಟ್‌ವಾಲ್ಡ್ ಅದನ್ನ ಓದಿ ಈತನನ್ನ ನೋಡೋಕೆ ಅಂತ್ಲೇ ಉಪ್ಸಲಾಗೆ ಬಂದ್ರು. ಅದೇ ಅಯಾನುಗಳ ಥಿಯರಿಗೆ 1903ರಲ್ಲಿ ನೊಬೆಲ್ ಬಂತು. ನಿಮಗೆ ನೊಬೆಲ್ ಬೇಕಿಲ್ಲ, ಕಮಿಟಿಲಿರೋ ಒಬ್ಬ ಪ್ರೊಫೆಸರ್, ಕಾನ್ಫರೆನ್ಸ್ ಪೋಸ್ಟರ್ ಮುಂದೆ ಹತ್ತು ನಿಮಿಷ ನಿಂತು ಕೇಳಿದವರು, ಬೇರೆ ಲ್ಯಾಬಿನ ಒಬ್ಬ ಪೋಸ್ಟ್‌ಡಾಕ್, ಯಾರಾದ್ರೂ ಸರಿ, ತಿಂಗಳಿಗೊಂದ್ಸಲ ನಿಮ್ಮ ಡೇಟಾ ನೋಡೋರು.

ಕೊನೇ ಕೆಲಸ ಒಂದಿದೆ, ಎಲ್ಲರೂ ಮರೀತಾರೆ. ಒಂದು ಲ್ಯಾಬ್ ಆರಿಸಿದ್ಮೇಲೆ ಇನ್ನೊಂದಕ್ಕೆ ಬೇಡ ಅಂತ ನೀಟಾಗಿ ಮೇಲ್ ಹಾಕಿ, ಎರಡೇ ಸಾಲು, ಕಾರಣ ಹೇಳಿ ಥ್ಯಾಂಕ್ಸ್ ಹೇಳಿ. ಸುಮ್ಮನೆ ಮಾಯ ಆಗ್ಬೇಡಿ. ನಾನು ಬೇಡ ಅಂದಿದ್ದ ಗೈಡು ಐದು ವರ್ಷ ಆದ್ಮೇಲೆ ನನ್ನ ವೈವಾಗೆ ಎಕ್ಸಾಮಿನರ್ ಆಗಿ ಬಂದು ಕೂತ್ರು. ಮೇಲ್ ನೆನಪಿದೆ ಅಂತ ನಕ್ರು, ಆಮೇಲೆ ಥೀಸಿಸ್ ಹಿಂದಿನ ಸ್ಪೆಕ್ಟ್ರಾ ಪುಟಗಳನ್ನ ತಿರುವಿ ಹಾಕ್ತಾ ಒಂದು ಕಡೆ ನಿಂತು ಪೆನ್ ತೆಗೆದು ರೌಂಡ್ ಹಾಕಿದ್ರು. "ಇಲ್ಲಿ ಎಥೈಲ್ ಅಸಿಟೇಟ್ ಇನ್ನೂ ಇದ್ಯಲ್ಲಪ್ಪಾ" ಅಂದ್ರು.